ಮಾನವ–ಗಣಕ ಸಂವಹನಶಾಸ್ತ್ರದ ಉದಯ

ಉಪಕರಣವನ್ನು ಮಾಡುವವನೂ ಅದನ್ನು ಬಳಸುವವನೂ ಒಂದೇ ಊರಿನವರಾಗಿದ್ದರೆ ಇಬ್ಬರ ನಡುವೆ ತೊಡಕು ಹೆಚ್ಚು ದಿನ ಉಳಿಯುವುದಿಲ್ಲ. ನೇಗಿಲ ಮೇಳಿಯು ಉಳುವವನ ಕೈಗೆ ಒಗ್ಗದಿದ್ದರೆ ಬಡಗಿಗೆ ಮರುದಿನವೇ ಆ ಸಂಗತಿ ತಿಳಿಯುತ್ತದೆ. ಆದರೆ ನಿರ್ಮಾತೃವು ಎಂದೂ ಕಾಣದ ಜನರ ಕೈಗೆ ಹೋಗುವ ಯಂತ್ರದ ವಿಷಯ ಹಾಗಲ್ಲ. ಅಲ್ಲಿ ಕೆಲಸ ಕೆಟ್ಟಾಗ, ಯಂತ್ರವು ಸರಿಯಾಗಿಯೇ ಇದೆ, ಬಳಸಿದವನು ತಪ್ಪಿದನು ಎಂಬ ತೀರ್ಪು ಸುಲಭವಾಗಿ ಹೊರಬೀಳುತ್ತದೆ. ಈ ತೀರ್ಪನ್ನು ಒಪ್ಪದೆ ಪ್ರಶ್ನಿಸಿದುದರಿಂದ ಹುಟ್ಟಿದ ಒಂದು ಶಾಸ್ತ್ರವು ಈಗ ವಿಶ್ವವಿದ್ಯಾನಿಲಯಗಳಲ್ಲಿ ಮಾನವ–ಗಣಕ ಸಂವಹನವೆಂಬ ಹೆಸರಿನಿಂದ ಬೋಧಿಸಲ್ಪಡುತ್ತಿದೆ. ಅದು ಬೆಳೆದುಬಂದ ಬಗೆಯನ್ನು ಸಂಗ್ರಹವಾಗಿ ನಿರೂಪಿಸಿ, ನಮ್ಮ ಲಿಪಿಯ ವಿಚಾರಕ್ಕೆ ಅದರಿಂದ ದೊರೆಯುವ ಬೆಳಕನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಇದರ ಮೂಲವು ಗಣಕಯಂತ್ರದಲ್ಲಿಲ್ಲ, ವಿಮಾನದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ–೧೭ ಬಾಂಬರು ವಿಮಾನಗಳಲ್ಲಿ ಚಾಲಕರು ನೆಲಕ್ಕೆ ಇಳಿದ ಮೇಲೆ ರೆಕ್ಕೆಯ ಮಡಿಕೆಗಳನ್ನು ಎತ್ತುವುದಕ್ಕೆ ಬದಲಾಗಿ ಗಾಲಿಗಳನ್ನೇ ಮಡಚಿಬಿಡುತ್ತಿದ್ದರು. ಮನಶ್ಶಾಸ್ತ್ರಜ್ಞನಾದ ಆಲ್ಫೋನ್ಸ್ ಚಪಾನಿಸನು ಪರಿಶೀಲಿಸಲಾಗಿ, ಈ ಎರಡು ಕೆಲಸಗಳ ಹಿಡಿಗಳೂ ಒಂದೇ ಆಕಾರದವಾಗಿ ಅಕ್ಕಪಕ್ಕದಲ್ಲಿ ಇದ್ದುದು ಕಂಡುಬಂದಿತು. ಗಾಲಿಯ ಹಿಡಿಗೆ ಗಾಲಿಯ ಆಕಾರವನ್ನೂ ಮಡಿಕೆಯ ಹಿಡಿಗೆ ಬೆಣೆಯ ಆಕಾರವನ್ನೂ ಕೊಟ್ಟರೆ, ಕಣ್ಣು ಬೇರೆಡೆ ಇದ್ದರೂ ಕೈಯೇ ಭೇದವನ್ನು ಅರಿಯುವುದೆಂದು ಅವನು ತೋರಿಸಿದನು. ಯುದ್ಧಾನಂತರ ೧೯೪೭ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬವರು, ‘ಚಾಲಕನ ದೋಷ’ವೆಂದು ಹೆಸರಾಗಿದ್ದ ೪೬೦ ಪ್ರಸಂಗಗಳನ್ನು ಚಾಲಕರಿಂದಲೇ ಸಂಗ್ರಹಿಸಿ ವರ್ಗೀಕರಿಸಿದರು. ಅವುಗಳಲ್ಲಿ ಸುಮಾರು ಅರ್ಧದಷ್ಟು, ಒಂದು ಹಿಡಿಯನ್ನು ಮತ್ತೊಂದೆಂದು ಭ್ರಮಿಸಿದುದರಿಂದ ಆದವು. ಒಂದು ಬಗೆಯ ವಿಮಾನದಲ್ಲಿ ಹಿಡಿಗಳು ಇದ್ದ ಕ್ರಮವು ಮತ್ತೊಂದು ಬಗೆಯದರಲ್ಲಿ ಇರುತ್ತಿರಲಿಲ್ಲ. ಹೀಗಿರಲು ದೋಷವನ್ನು ಚಾಲಕನೊಬ್ಬನ ತಲೆಗೆ ಕಟ್ಟುವುದು ಯುಕ್ತವಲ್ಲವೆಂಬುದು ಸ್ಪಷ್ಟವಾಯಿತು.

ಈ ವಿಚಾರವು ಬಹುಬೇಗ ವಿದ್ಯಾಪೀಠಗಳನ್ನು ಪ್ರವೇಶಿಸಿತು. ೧೯೪೯ರಲ್ಲಿ ಚಪಾನಿಸ್, ಗಾರ್ನರ್, ಮಾರ್ಗನ್ ಎಂಬ ಮೂವರು ಈ ವಿಷಯದ ಪಠ್ಯಗ್ರಂಥವೊಂದನ್ನು ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎರ್ಗೊನಾಮಿಕ್ಸ್ ಸಂಶೋಧನ ಸಂಘವು ಸ್ಥಾಪಿತವಾಯಿತು. ೧೯೫೪ರಲ್ಲಿ ಫಿಟ್ಸನು, ಕೈಯು ಒಂದು ಗುರಿಯನ್ನು ಮುಟ್ಟಲು ಹಿಡಿಯುವ ಕಾಲವು ಗುರಿಯ ದೂರವನ್ನೂ ಅಗಲವನ್ನೂ ಅವಲಂಬಿಸಿದೆಯೆಂಬ ನಿಯಮವನ್ನು ಗಣಿತರೂಪದಲ್ಲಿ ಮುಂದಿಟ್ಟನು. ಆಗ ಅವನ ಮುಂದೆ ಗಣಕದ ಪರದೆ ಇರಲಿಲ್ಲ. ಆದರೂ ಪರದೆಯ ಮೇಲಿನ ಗುಂಡಿಯ ಗಾತ್ರವನ್ನು ನಿರ್ಣಯಿಸುವವರಿಗೆ ಇಂದಿಗೂ ಆಧಾರವಾಗಿರುವುದು ಆ ನಿಯಮವೇ.

ಗಣಕಯಂತ್ರಕ್ಕೆ ಈ ದೃಷ್ಟಿಯನ್ನು ಅನ್ವಯಿಸಿದವರಲ್ಲಿ ಮೊದಲಿಗರ ಸಾಲಿಗೆ ಆಂಗ್ಲೇಯನಾದ ಬ್ರಯನ್ ಷಾಕೆಲನು ಸೇರುತ್ತಾನೆ. ಅವನ ಲೇಖನವು ೧೯೫೯ರಲ್ಲಿ ಪ್ರಕಟವಾಯಿತು. ೧೯೭೦ರಲ್ಲಿ ಲಾಫ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಅವನೇ ಇದಕ್ಕಾಗಿ ಒಂದು ಸಂಶೋಧನ ಕೇಂದ್ರವನ್ನು ಸ್ಥಾಪಿಸಿದನು. ಈ ನಡುವೆ ಅಮೆರಿಕದಲ್ಲಿ ೧೯೬೩ರಲ್ಲಿ ಐವಾನ್ ಸದರ್ಲೆಂಡನು ಎಂಐಟಿಗೆ ಒಪ್ಪಿಸಿದ ಪ್ರಬಂಧದಲ್ಲಿ, ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆದು ಗಣಕದೊಡನೆ ವ್ಯವಹರಿಸುವ ಮಾರ್ಗವನ್ನು ತೋರಿಸಿದನು. ೧೯೬೮ರ ಡಿಸೆಂಬರ್ ೯ರಂದು ಡಗ್ಲಾಸ್ ಎಂಗೆಲ್‌ಬರ್ಟನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಮ್ಮೇಳನದಲ್ಲಿ, ಈಗ ಎಲ್ಲರೂ ಬಲ್ಲ ‘ಮೌಸ್’ ಎಂಬ ಸಾಧನವನ್ನು ಪ್ರದರ್ಶಿಸಿದನು. ಮುಂದೆ ೧೯೭೮ರಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಶಾಲೆಯ ಕಾರ್ಡ್, ಇಂಗ್ಲಿಷ್, ಬರ್ ಎಂಬವರು ಇದನ್ನು ಇತರ ಸಾಧನಗಳೊಡನೆ ಹೋಲಿಸಿ ಅಳೆದರು. ಮೌಸಿನ ವೇಗಕ್ಕೆ ಮಿತಿಯಾಗಿದ್ದುದು ಆ ಸಾಧನವಲ್ಲ, ಮನುಷ್ಯನ ಕೈಯ ಸಹಜವಾದ ಮಿತಿಯೇ ಎಂದು ಫಿಟ್ಸನ ನಿಯಮದಿಂದ ತಿಳಿಯಬಂದಿತು. ಉಪಕರಣವು ತಾನು ಅಡ್ಡಬರದೆ ಇರುವುದೇ ಅದರ ಗುಣವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

೧೯೮೨ರಲ್ಲಿ ಮೇರಿಲೆಂಡಿನ ಗೇಥರ್ಸ್‌ಬರ್ಗಿನಲ್ಲಿ ಈ ವಿಷಯಕ್ಕೆ ಮೀಸಲಾದ ಸಮ್ಮೇಳನವು ನಡೆಯಿತು. ೧೯೮೩ರಲ್ಲಿ ಕಾರ್ಡ್, ಮೊರಾನ್, ನ್ಯೂವೆಲ್ ಇವರ ಗ್ರಂಥವು ಹೊರಬಂದು ಶಾಸ್ತ್ರಕ್ಕೆ ಮನಶ್ಶಾಸ್ತ್ರದ ತಳಹದಿಯನ್ನು ಹಾಕಿತು. ಆದರೆ ಅಳತೆಯೊಂದರಿಂದಲೇ ಎಲ್ಲವೂ ತಿಳಿಯಲಿಲ್ಲ. ಮಾನವಶಾಸ್ತ್ರಜ್ಞೆಯಾದ ಲೂಸಿ ಸಚ್‌ಮನ್ನಳು, ನಕಲುಯಂತ್ರವೊಂದರ ಮುಂದೆ ಜನರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಚಿತ್ರೀಕರಿಸಿ ಪರಿಶೀಲಿಸಿದಳು. ಯಂತ್ರವು ಊಹಿಸಿಕೊಂಡ ಕ್ರಮವೊಂದು, ಜನರು ಸಂದರ್ಭಕ್ಕೆ ತಕ್ಕಂತೆ ಹಿಡಿದ ದಾರಿ ಮತ್ತೊಂದು ಎಂಬುದನ್ನು ೧೯೮೭ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದಳು. ಹೀಗೆ ಪ್ರಯೋಗಶಾಲೆಯ ಅಳತೆ, ಬಳಕೆಯ ಸ್ಥಳದಲ್ಲಿನ ಅವಲೋಕನ ಇವೆರಡೂ ಶಾಸ್ತ್ರಕ್ಕೆ ಅಂಗಗಳಾದುವು. ೧೯೯೨ರಲ್ಲಿ ಅಮೆರಿಕದ ಗಣಕವಿದ್ವಾಂಸರ ಸಂಘವು ಇದಕ್ಕೆ ಪಠ್ಯಕ್ರಮವನ್ನು ಸೂಚಿಸಿತು. ಭಾರತದಲ್ಲಿ ೧೯೬೯ರಲ್ಲಿ ಮುಂಬಯಿಯ ಐಐಟಿಯಲ್ಲಿ ಆರಂಭವಾದ ವಿನ್ಯಾಸ ಕೇಂದ್ರವು ಈ ವಿಷಯವನ್ನು ಕಲಿಸುವ ಸಂಸ್ಥೆಗಳಲ್ಲಿ ಒಂದು.

ಇನ್ನು ನಮ್ಮ ಲಿಪಿಯ ವಿಚಾರ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಅಚ್ಚಿನ ಮೊಳೆಗಳ ಸಂಖ್ಯೆಯನ್ನು ತಗ್ಗಿಸುವುದಕ್ಕೂ ಬೆರಳಚ್ಚು ಯಂತ್ರಕ್ಕೆ ಹೊಂದಿಸುವುದಕ್ಕೂ ಕನ್ನಡ ಲಿಪಿಯನ್ನೇ ಮಾರ್ಪಡಿಸಬೇಕೆಂಬ ವಾದವು ನಮ್ಮ ವಿದ್ವಾಂಸರಲ್ಲಿ ನಡೆದುದು ವಾಚಕರಿಗೆ ವಿದಿತವೇ ಇದೆ. ಅಂದಿನ ಯಂತ್ರದಲ್ಲಿ ಕೀಲಿಗೂ ಅದು ಒತ್ತುವ ಆಕೃತಿಗೂ ಬಿಡಿಸಲಾಗದ ಗಂಟಿತ್ತು. ಆದುದರಿಂದ ಆ ವಾದವನ್ನು ಹಳಿಯುವುದು ಸಲ್ಲದು. ಗಣಕಯಂತ್ರವು ಆ ಗಂಟನ್ನು ಬಿಚ್ಚಿತು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ಬರೆಯುವವನು ಆಕೃತಿಯ ತುಂಡುಗಳನ್ನು ಜೋಡಿಸುವುದಿಲ್ಲ. ವ್ಯಂಜನದ ಕೀಲಿಯ ಬಳಿಕ ಸ್ವರದ ಕೀಲಿಯನ್ನು ಒತ್ತಿದರೆ ಗುಣಿತಾಕ್ಷರವೂ, ನಡುವೆ ಸಂಯೋಜಕದ ಕೀಲಿಯನ್ನು ಒತ್ತಿದರೆ ಒತ್ತಕ್ಷರವೂ ತಾನಾಗಿ ಮೂಡುತ್ತದೆ. ವರ್ಣಗಳ ಸಂಧಾನವನ್ನು ವ್ಯಾಕರಣವು ಹೇಳುವ ಕ್ರಮದಲ್ಲಿಯೇ ಬೆರಳು ನಡೆಯುತ್ತದೆ. ಲಿಪಿಯು ಬಾಗಲಿಲ್ಲ, ಯಂತ್ರವು ಬಾಗಿತು. ಕರ್ನಾಟಕ ಸರ್ಕಾರವು ಇದನ್ನು ಅಂಗೀಕರಿಸಿತು. ‘ನುಡಿ’ ತಂತ್ರಾಂಶದಲ್ಲಿ ಇದೇ ಬಳಕೆಯಾಯಿತು.

ಆದರೂ ಪ್ರಶ್ನೆಯು ಇಷ್ಟಕ್ಕೇ ತೀರಲಿಲ್ಲ. ಈ ಕೀಲಿಮಣೆಯಲ್ಲಿ ಕಕಾರವು ಇಂಗ್ಲಿಷಿನ ‘ಕೆ’ ಇರುವೆಡೆಯಲ್ಲಿಯೂ ಮಕಾರವು ‘ಎಂ’ ಇರುವೆಡೆಯಲ್ಲಿಯೂ ಇವೆ. ಇಂಗ್ಲಿಷ್ ಅಕ್ಷರಗಳನ್ನು ಬಲ್ಲವನಿಗೆ ಇದು ಅತಿ ಸುಲಭ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸದಲ್ಲಿಯಾದರೋ ಸ್ವರಗಳು ಎಡಗಡೆಯೂ ವ್ಯಂಜನಗಳು ಬಲಗಡೆಯೂ ಇದ್ದು, ಅಲ್ಪಪ್ರಾಣಕ್ಕೂ ಅದರ ಮಹಾಪ್ರಾಣಕ್ಕೂ ಒಂದೇ ಕೀಲಿ ಇದೆ. ಮೊದಲನೆಯದು ಇಂಗ್ಲಿಷಿನ ಅಭ್ಯಾಸವುಳ್ಳವನನ್ನೂ ಎರಡನೆಯದು ವರ್ಣಮಾಲೆಯನ್ನು ಮಾತ್ರ ಕಲಿತವನನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಂತೆ ಕಾಣುತ್ತದೆ. ಎರಡರಲ್ಲಿ ಯಾವುದು ಮೇಲೆಂದು ವಾದದಿಂದ ನಿರ್ಣಯಿಸುವುದು ಶಕ್ಯವಲ್ಲ. ಬರೆಯುವವರು ಯಾರು, ಎಲ್ಲಿ ತಡೆಯುತ್ತಾರೆ, ಯಾವ ಅಕ್ಷರವನ್ನು ಯಾವುದೆಂದು ಭ್ರಮಿಸುತ್ತಾರೆ ಎಂಬುದನ್ನು ಫಿಟ್ಸ್ ಮತ್ತು ಜೋನ್ಸರು ಮಾಡಿದಂತೆ ಅವರಿಂದಲೇ ಕೇಳಿ ಸಂಗ್ರಹಿಸಬೇಕು.

ಈ ಕೆಲಸವು ಎಂಜಿನಿಯರುಗಳದು ಮಾತ್ರವೆಂದು ಭಾವಿಸತಕ್ಕುದಲ್ಲ. ಒತ್ತಕ್ಷರದ ಸ್ವರೂಪವನ್ನೂ ವರ್ಣಗಳ ಆವೃತ್ತಿಯನ್ನೂ ಬಲ್ಲವರು ಭಾಷೆಯ ಅಧ್ಯಾಪಕರು. ಮಕ್ಕಳು ಬರೆಯುವಾಗ ತಡವರಿಸುವ ಎಡೆಯನ್ನು ದಿನವೂ ಕಾಣುವವರೂ ಅವರೇ. ವಿದ್ಯಾರ್ಥಿಯು ಯಂತ್ರದ ಮುಂದೆ ತಪ್ಪಿದಾಗ ಅದನ್ನು ತಿದ್ದುವುದಕ್ಕೆ ಮೊದಲು ಗುರುತು ಹಾಕಿಕೊಂಡರೆ, ಕೆಲವು ವರ್ಷಗಳಲ್ಲಿ ಈ ಶಾಸ್ತ್ರಕ್ಕೆ ಕನ್ನಡದ ಕಡೆಯಿಂದ ಬೇಕಾದ ಸಾಮಗ್ರಿಯು ಒದಗುವುದರಲ್ಲಿ ಸಂದೇಹವಿಲ್ಲ.