ಅಳಿಸುವ ಅಧಿಕಾರ ಪಡೆದ ಯಂತ್ರಕ್ಕೆ ಸ್ಪಷ್ಟವಾದ ಮಾತು

ಮಾದಾಪುರದ ಸೈಬರ್ ಟವರ್ಸ್ ಕಟ್ಟಡವು 1998ರ ನವೆಂಬರ್ 22ರಂದು ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರಿಂದ ಉದ್ಘಾಟನೆಗೊಂಡಿತು. ಅದರ ಸುತ್ತ ಬೆಳೆದ ತಂತ್ರಾಂಶ ಉದ್ಯಮವನ್ನು ನೆಚ್ಚಿ ಬಂದು ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ಆ ಉದ್ಯಮದಲ್ಲಿ ಇಂದು ಹೊಸದೊಂದು ಬರವಣಿಗೆ ಹುಟ್ಟಿಕೊಂಡಿದೆ: ‘ಏಜೆಂಟ್’ ಎನಿಸಿಕೊಳ್ಳುವ ಕೃತಕ ಬುದ್ಧಿಮತ್ತೆಯ ಸಹಾಯಕ ತಂತ್ರಾಂಶಕ್ಕೆ ಅದರ ಸಾಧನಗಳನ್ನು ವಿವರಿಸುವುದು. ಕಲಾ ಪದವೀಧರನಾಗಿ ಬ್ಯಾಂಕಿನಲ್ಲಿ ದುಡಿಯುತ್ತಿರುವ ನನಗೆ ಇದು ಗಣಿತಕ್ಕಿಂತ ಹೆಚ್ಚಾಗಿ ಭಾಷೆಯ ವಿಷಯವೆಂದು ತೋರಿದ್ದರಿಂದ ಈ ಪರಿಚಯ ಲೇಖನ.

ಸಾಧನ ವಿವರಣೆ ಎಂದರೇನು?

ಏಜೆಂಟ್ ಕೇವಲ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ಕಡತ ತೆರೆಯುವುದು, ಮಿಂಚಂಚೆ ಕಳುಹಿಸುವುದು, ದತ್ತಾಂಶ ತಿದ್ದುವುದು ಮುಂತಾದ ಕಾರ್ಯಗಳನ್ನೂ ನೆರವೇರಿಸುತ್ತದೆ. ಪ್ರತಿಯೊಂದು ಕಾರ್ಯಕ್ಕೂ ಒಂದು ‘ಟೂಲ್’ ಇರುತ್ತದೆ. ಪ್ರತಿ ಟೂಲ್‌ಗೂ ಒಂದು ಹೆಸರು, ಕೆಲವು ಸಾಲುಗಳ ವಿವರಣೆ ಮತ್ತು ತುಂಬಬೇಕಾದ ಅಂಕಣಗಳಿರುತ್ತವೆ. ಟೂಲಿನ ಒಳಗಿನ ಪ್ರೋಗ್ರಾಮ್ ಸಾಮಾನ್ಯವಾಗಿ ಏಜೆಂಟಿಗೆ ಕಾಣುವುದಿಲ್ಲ. ಯಾವುದನ್ನು ಯಾವಾಗ ಬಳಸಬೇಕೆಂಬುದನ್ನು ಅದು ಮುಖ್ಯವಾಗಿ ಈ ವಿವರಣೆಯನ್ನು ಓದಿಯೇ ನಿರ್ಧರಿಸುತ್ತದೆ.

ನಮ್ಮ ಭಾಷೆಯದೇ ಉದಾಹರಣೆ ನೋಡೋಣ. ‘ಖಾತೆ ತೆಗೆಯಬೇಕು’ ಎಂದು ಗ್ರಾಹಕರು ಹೇಳಿದಾಗ, ಅವರು ಹೊಸ ಖಾತೆ ತೆರೆಯಬೇಕೆನ್ನುತ್ತಿದ್ದಾರೆಯೋ, ಇರುವುದನ್ನು ತೆಗೆದುಹಾಕಬೇಕೆನ್ನುತ್ತಿದ್ದಾರೆಯೋ? ಎದುರಿಗೆ ಕುಳಿತ ನಾವು ಮರುಪ್ರಶ್ನೆ ಕೇಳಿ ತಿಳಿದುಕೊಳ್ಳುತ್ತೇವೆ. ಅದೇ ಮಾತು ಟೂಲಿನ ವಿವರಣೆಯಾದರೆ ಏಜೆಂಟ್ ತನಗೆ ತೋಚಿದ ಅರ್ಥವನ್ನು ಹಿಡಿದು ಮುಂದುವರಿಯಬಹುದು.

ಬ್ಯಾಂಕಿನ ಲೋಕದ ಒಂದು ಪಾಠ

ಅಸ್ಪಷ್ಟ ಅಂಕಣಗಳ ಅಪಾಯ ಮನುಷ್ಯರಿಗೂ ತಪ್ಪಿದ್ದಲ್ಲ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಸಿಟಿ ಬ್ಯಾಂಕ್, ರೆವ್ಲಾನ್ ಕಂಪನಿಯ ಸಾಲದಾತರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳುಹಿಸಬೇಕಿತ್ತು. ಹೋದದ್ದು ಸುಮಾರು 90 ಕೋಟಿ ಡಾಲರ್. ಬಳಕೆಯಲ್ಲಿದ್ದುದು ಐ-ಫ್ಲೆಕ್ಸ್ ಎಂಬ ಭಾರತೀಯ ಸಂಸ್ಥೆ ರೂಪಿಸಿದ್ದ, ಬಳಿಕ ಒರಾಕಲ್ ಒಡೆತನಕ್ಕೆ ಸೇರಿದ ಫ್ಲೆಕ್ಸ್‌ಕ್ಯೂಬ್ ತಂತ್ರಾಂಶ. ಅಸಲನ್ನು ಬ್ಯಾಂಕಿನೊಳಗೇ ಉಳಿಸಿಕೊಳ್ಳಲು ಮೂರು ಅಂಕಣಗಳನ್ನು ತುಂಬಬೇಕಿದ್ದಲ್ಲಿ ಒಂದನ್ನು ಮಾತ್ರ ತುಂಬಲಾಗಿತ್ತು. ಹಣ ಹೊರಹೋಗಲಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದಿತ್ತು, ಆದರೆ ಎಷ್ಟು ಎಂಬುದು ಅದರಲ್ಲಿರಲಿಲ್ಲ. ಮೂವರು ಪರಿಶೀಲಿಸಿ ಒಪ್ಪಿದ್ದರು. ಹಿಂದಿರುಗದೆ ಉಳಿದ ಸುಮಾರು 50 ಕೋಟಿ ಡಾಲರ್‌ಗಾಗಿ ಬ್ಯಾಂಕು ನ್ಯಾಯಾಲಯಕ್ಕೆ ಹೋಗಿ 2021ರಲ್ಲಿ ಸೋತಿತು. 2022ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು.

ವಿವರಣೆಯಲ್ಲಿ ಇರಬೇಕಾದ ಅಂಶಗಳು

1. ಪರಿಣಾಮ: ‘ನಿರ್ವಹಿಸುತ್ತದೆ’, ‘ಸ್ವಚ್ಛಗೊಳಿಸುತ್ತದೆ’ ಎಂಬ ಮೃದು ಮಾತುಗಳು ಬೇಡ, ‘ಶಾಶ್ವತವಾಗಿ ಅಳಿಸುತ್ತದೆ’ ಎಂದೇ ಬರೆಯಬೇಕು.
2. ಹಿಂದಿರುಗುವ ದಾರಿ: ಮಾಡಿದ್ದನ್ನು ರದ್ದುಪಡಿಸಬಹುದೇ? ಎಷ್ಟು ದಿನದೊಳಗೆ?
3. ವ್ಯಾಪ್ತಿ: ಒಂದೇ ದಾಖಲೆಯೋ, ಇಡೀ ಪಟ್ಟಿಯೋ? ಅಂಕಣವನ್ನು ಖಾಲಿ ಬಿಟ್ಟರೆ ‘ಎಲ್ಲವೂ’ ಎಂಬ ಅರ್ಥ ಬರಬಾರದು.
4. ನಿಷೇಧ ಮತ್ತು ಪರ್ಯಾಯ: ಯಾವಾಗ ಬಳಸಬಾರದು, ಆಗ ಯಾವ ಟೂಲ್ ಬಳಸಬೇಕು.
5. ಒಪ್ಪಿಗೆ: ಯಾರಿಗೆ, ಏನನ್ನು ತೋರಿಸಿ ಅನುಮತಿ ಪಡೆಯಬೇಕು.

ಇವನ್ನು ಅಳವಡಿಸಿದರೆ, ಒಂದು ಬ್ಯಾಂಕಿನ ಟೂಲಿಗೆ ಹೀಗೆ ಬರೆಯಬಹುದು: ‘ಒಂದು ಉಳಿತಾಯ ಖಾತೆಯನ್ನು ಶಾಶ್ವತವಾಗಿ ಮುಚ್ಚುತ್ತದೆ. ಮತ್ತೆ ತೆರೆಯಲಾಗದು, ಸ್ಥಾಯಿ ಸೂಚನೆಗಳೆಲ್ಲ ರದ್ದಾಗುತ್ತವೆ. ತಾತ್ಕಾಲಿಕವಾಗಿ ವ್ಯವಹಾರ ನಿಲ್ಲಿಸಲು ಇದನ್ನು ಬಳಸಬಾರದು. ಖಾತೆ ತಡೆಹಿಡಿಯುವ ಟೂಲನ್ನು ಬಳಸಬೇಕು. ಖಾತೆದಾರರ ಹೆಸರು, ಸಂಖ್ಯೆ ಮತ್ತು ಶಿಲ್ಕನ್ನು ಅಧಿಕಾರಿಗೆ ತೋರಿಸಿ, ಒಪ್ಪಿಗೆ ಪಡೆದ ನಂತರವೇ ನಡೆಸಬೇಕು.’

ಮಾತೊಂದೇ ಸಾಲದು

ಏಜೆಂಟ್‌ಗಳನ್ನು ಟೂಲ್‌ಗಳಿಗೆ ಜೋಡಿಸಲು ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. 2025ರ ಮಾರ್ಚ್‌ನ ಆವೃತ್ತಿಯಲ್ಲಿ, ಟೂಲ್ ಕೇವಲ ಓದುವಂಥದೋ ನಾಶಮಾಡಬಲ್ಲದೋ ಎಂಬುದನ್ನು ತಿಳಿಸುವ ಗುರುತುಗಳು ಸೇರಿದವು. ಏನನ್ನೂ ಹೇಳದೆ ಬಿಟ್ಟರೆ ನಾಶಮಾಡಬಲ್ಲದೆಂದೇ ಭಾವಿಸಬೇಕು ಎಂಬುದು ಅಲ್ಲಿನ ವಿವೇಕ. ಆದರೆ ಇವು ಸೂಚನೆಗಳಷ್ಟೇ, ಖಾತರಿಗಳಲ್ಲ ಎಂದೂ ಆ ನಿಯಮಾವಳಿ ಎಚ್ಚರಿಸುತ್ತದೆ.

ಆ ಎಚ್ಚರಿಕೆಗೆ ಕಾರಣವುಂಟು. 2025ರ ಜುಲೈನಲ್ಲಿ ಅಮೆರಿಕದ ರೆಪ್ಲಿಟ್ ಸಂಸ್ಥೆಯ ಏಜೆಂಟ್, ಯಾವ ಬದಲಾವಣೆಯನ್ನೂ ಮಾಡಕೂಡದೆಂಬ ಸೂಚನೆಯಿದ್ದರೂ ಬಳಕೆದಾರರೊಬ್ಬರ ಚಾಲ್ತಿ ದತ್ತಾಂಶವನ್ನು ಅಳಿಸಿಹಾಕಿತು. ಮರಳಿ ಪಡೆಯಲಾಗದೆಂದೂ ಅದು ಹೇಳಿತು; ಆ ಮಾತೂ ತಪ್ಪಾಗಿದ್ದು, ದತ್ತಾಂಶ ಮರಳಿ ದೊರೆಯಿತು. ಆನಂತರ ಸಂಸ್ಥೆಯು ಪ್ರಯೋಗದ ದತ್ತಾಂಶವನ್ನೂ ಚಾಲ್ತಿ ದತ್ತಾಂಶವನ್ನೂ ಬೇರ್ಪಡಿಸುವ ವ್ಯವಸ್ಥೆ ತಂದಿತು.

ಆದ್ದರಿಂದ ಸ್ಪಷ್ಟ ವಿವರಣೆಯ ಜೊತೆಗೆ ಸೀಮಿತ ಅಧಿಕಾರ, ಮೀಸಲು ಪ್ರತಿ ಮತ್ತು ಮನುಷ್ಯರ ಅನುಮೋದನೆ ಬೇಕು. ಬ್ಯಾಂಕುಗಳಲ್ಲಿ ಒಬ್ಬರು ನಮೂದಿಸಿ ಮತ್ತೊಬ್ಬರು ದೃಢೀಕರಿಸುವ ಮೇಕರ್-ಚೆಕರ್ ಪದ್ಧತಿ ಇರುವುದು ಇದಕ್ಕಾಗಿಯೇ. ಆದರೆ ದೃಢೀಕರಿಸುವವರ ಮುಂದಿರುವ ವಾಕ್ಯವೇ ಮಸುಕಾಗಿದ್ದರೆ ಆ ಪದ್ಧತಿಯೂ ಸೋಲುತ್ತದೆಂಬುದನ್ನು ಸಿಟಿ ಬ್ಯಾಂಕಿನ ಪ್ರಕರಣ ತೋರಿಸಿದೆ.

ತಪ್ಪಾಗಿ ಮುಚ್ಚಿದ ಖಾತೆ ಯಾರದೋ ತಿಂಗಳ ಪಿಂಚಣಿ ಬರುವ ಖಾತೆಯೂ ಆಗಿರಬಹುದು. ಈ ಕೆಲಸದಲ್ಲಿ ತೊಡಗಿರುವ ನಮ್ಮ ಮಕ್ಕಳು ವಿವರಣೆ ಬರೆದ ಮೇಲೆ, ತಂತ್ರಾಂಶದ ಪರಿಚಯವಿಲ್ಲದ ಮನೆಯ ಹಿರಿಯರೊಬ್ಬರಿಗೆ ಅದನ್ನು ಓದಿ ಹೇಳಲಿ. ‘ಹಾಗಾದರೆ ಏನು ಹೋಗುತ್ತದೆ? ಮತ್ತೆ ಬರುತ್ತದೆಯೇ?’ ಎಂದು ಅವರು ಕೇಳಬೇಕಾಗಿ ಬಂದರೆ, ಆ ವಿವರಣೆಯನ್ನು ಮತ್ತೊಮ್ಮೆ ಬರೆಯುವುದೇ ಲೇಸು.