ಆಸ್ಪತ್ರೆ ಔಷಧಾಲಯ ತಂತ್ರಾಂಶ
ಆಸ್ಪತ್ರೆಯಲ್ಲಿ ಔಷಧ ಚೀಟಿಗಳ ಪರಿಶೀಲನೆ, ದಾಸ್ತಾನು ಹಾಗೂ ವಿತರಣೆಗೆ ಫಾರ್ಮಸಿಸ್ಟರಿಗೆ ನೆರವಾಗುವ ಗಣಕ ವ್ಯವಸ್ಥೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಎಲ್‌ಡಿಎಸ್ ಆಸ್ಪತ್ರೆಯ ‘ಹೆಲ್ಪ್’ ವ್ಯವಸ್ಥೆ 1970ರ ದಶಕದಲ್ಲೇ ಔಷಧ ಎಚ್ಚರಿಕೆ ನೀಡುತ್ತಿತ್ತು. ವೈದ್ಯರು ಬರೆದ ಔಷಧವನ್ನು ರೋಗಿಯ ವಯಸ್ಸು, ತೂಕ, ಅಲರ್ಜಿ, ಮೂತ್ರಪಿಂಡದ ಸ್ಥಿತಿ ಮತ್ತು ಈಗಾಗಲೇ ಸೇವಿಸುತ್ತಿರುವ ಔಷಧಗಳೊಂದಿಗೆ ತಾಳೆ ನೋಡುವುದು ಇಂಥ ತಂತ್ರಾಂಶದ ಮುಖ್ಯ ಕಾರ್ಯ; ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಪಡೆಯುವವರಿಗೆ ಆಸ್ಪಿರಿನ್ ಬರೆದರೆ ರಕ್ತಸ್ರಾವದ ಅಪಾಯವನ್ನು ಸೂಚಿಸುತ್ತದೆ. ವಿತರಣೆಯ ವೇಳೆ ಪೊಟ್ಟಣದ ಬಾರ್‌ಕೋಡ್ ಓದಿ ಔಷಧವನ್ನು ಖಚಿತಪಡಿಸುವುದೂ ಉಂಟು. ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ಗಣಕದ ಮೂಲಕ ಔಷಧ ಬರೆಯುವ ಪದ್ಧತಿ ಬಂದ ಮೇಲೆ, ತಡೆಯಲಾಗದೆ ಉಳಿಯುತ್ತಿದ್ದ ಗಂಭೀರ ಔಷಧ ದೋಷಗಳು ಶೇ. 55ರಷ್ಟು ಇಳಿದವೆಂದು 1998ರ ಅಧ್ಯಯನವೊಂದು ತೋರಿಸಿತು. ಮಹತ್ವವಿಲ್ಲದ ಎಚ್ಚರಿಕೆಗಳ ಅತಿರೇಕ ಇಂಥ ತಂತ್ರಾಂಶದ ದೊಡ್ಡ ಕೊರತೆ. ಅವುಗಳಿಂದ ಬೇಸತ್ತ ಸಿಬ್ಬಂದಿ ನಿಜವಾಗಿಯೂ ಅಪಾಯಕಾರಿಯಾದ ಸೂಚನೆಯನ್ನೂ ಕಡೆಗಣಿಸುವ ಸಾಧ್ಯತೆ ಇರುತ್ತದೆ.