ದೊಡ್ಡಬಾಯಿಯ ಬಾಸ್: ಋತುಮಾನ ಮತ್ತು ತೂಕದ ಅಂದಾಜು

ಉತ್ತರ ಅಮೆರಿಕದ ಸಿಹಿನೀರ ಸರೋವರಗಳಲ್ಲಿ ಗಾಳಗಾರರು ಬಹುವಾಗಿ ಅರಸುವ ಈ ಮತ್ಸ್ಯವನ್ನು ಹಿಡಿದೊಡನೆ ನೀರಿಗೆ ಮರಳಿ ಬಿಡುವ ಪದ್ಧತಿ ರೂಢವಾದ ಮೇಲೆ, ತಕ್ಕಡಿಯ ಬದಲು ಅಳತೆಪಟ್ಟಿಯಿಂದಲೇ ತೂಕವನ್ನು ಊಹಿಸುವ ಸೂತ್ರಗಳು ಪ್ರಚಾರಕ್ಕೆ ಬಂದವು. ಅಂಗುಲಗಳಲ್ಲಿ ಅಳೆದ ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸುವುದು ಒಂದು. ಉದ್ದದ ವರ್ಗವನ್ನು ಸುತ್ತಳತೆಯಿಂದ ಗುಣಿಸಿ 1200ರಿಂದ ಭಾಗಿಸುವುದು ಮತ್ತೊಂದು. ಫಲವು ಪೌಂಡುಗಳಲ್ಲಿ ಲಭಿಸುತ್ತದೆ.

ವಸಂತದಲ್ಲಿ ಮೊಟ್ಟೆಯಿಡುವ ಮುನ್ನ ಹೆಣ್ಣುಮೀನಿನ ಉದರವು ಅಂಡಭಾರದಿಂದ ಉಬ್ಬಿರುವುದರಿಂದ, 24 ಅಂಗುಲ ಉದ್ದದ ಮೀನಿನ ಸುತ್ತಳತೆ 19 ಅಂಗುಲವಿದ್ದಲ್ಲಿ ಮೊದಲ ಸೂತ್ರವು 10.8 ಪೌಂಡನ್ನೂ ಎರಡನೆಯದು 9.1 ಪೌಂಡನ್ನೂ ನುಡಿಯುತ್ತವೆ. ಅದೇ ಮೀನು ಮೊಟ್ಟೆಯಿಟ್ಟು ಕೃಶವಾಗಿ 16 ಅಂಗುಲಕ್ಕಿಳಿದರೆ ಎರಡೂ 7.7ರಲ್ಲಿ ಸಂಧಿಸುತ್ತವೆ. ಸುತ್ತಳತೆಯು ಉದ್ದದ ಮೂರರಲ್ಲೆರಡು ಪಾಲಾದಾಗಲಷ್ಟೇ ಇವುಗಳಿಗೆ ಸಹಮತ. ಶರತ್ಕಾಲದಲ್ಲಿ ಮೀನು ಹೊಟ್ಟೆತುಂಬ ಮೇದು ಮತ್ತೆ ಪುಷ್ಟವಾಗುತ್ತದೆ.

1932ರ ಜೂನ್ 2ರಂದು ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ ದಾಖಲೆಯ ಮೀನು ತಕ್ಕಡಿಯಲ್ಲಿ 22 ಪೌಂಡು 4 ಔನ್ಸು ತೂಗಿತು. ಆದರೆ ಅದರದೆಂದು ಹೇಳಲಾಗುವ 32.5 ಅಂಗುಲ ಉದ್ದ, 28.5 ಅಂಗುಲ ಸುತ್ತಳತೆಗಳಿಗೆ ಮೊದಲ ಸೂತ್ರವನ್ನು ಅನ್ವಯಿಸಿದರೆ 33 ಪೌಂಡು, ಎರಡನೆಯದನ್ನು ಅನ್ವಯಿಸಿದರೆ 25! ತುಂಬುಗರ್ಭದ ಮಹಾಮತ್ಸ್ಯಗಳ ವಿಷಯದಲ್ಲಿ, ಗಾಳಗಾರನಿಗೆ ಅಪ್ರಿಯವೆನಿಸಿದರೂ, ಎರಡನೆಯದೇ ವಿಶ್ವಾಸಾರ್ಹ.